ಪಿನ್ ಎಲ್ಲಿ ಬಿತ್ತು ನೋಡಿ: ವೆಬ್ ನಕ್ಷೆಯ ದೋಷ ಹುಡುಕುವ ಬಗೆ

ಬೀದರಿನ ಕರೇಜ್ ಬಾವಿಗಳು, ಕಲಬುರಗಿಯ ತೊಗರಿ ಖರೀದಿ ಕೇಂದ್ರಗಳು, ಯಾದಗಿರಿ ಜಿಲ್ಲೆಯ ಕೆರೆಗಳು. ಇಂಥ ಯಾವುದಾದರೂ ಪಟ್ಟಿಯನ್ನು ವೆಬ್ ನಕ್ಷೆ ಮೇಲೆ ಹಾಕಲು ಹೊರಟು, ನಡುವೆ ಸಿಕ್ಕಿಹಾಕಿಕೊಂಡವರಿಗೆ ಈ ಬರಹ. ಉದಾಹರಣೆಗಳು ಹೆಚ್ಚಾಗಿ ಲೀಫ್‌ಲೆಟ್‌ನವು, ಅಂದರೆ ಪುಟದಲ್ಲಿ ನಕ್ಷೆ ತೋರಿಸುವ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿಯವು. ಓಪನ್‌ಲೇಯರ್ಸ್, ಗೂಗಲ್ ಮ್ಯಾಪ್ಸ್ ಬಳಸುವವರಿಗೂ ಅಲ್ಲಲ್ಲಿ ಒಂದೊಂದು ಮಾತಿದೆ.

ನಕ್ಷೆ ಕೆಟ್ಟ ಕೂಡಲೇ ಹೆಚ್ಚಿನವರು ಕೋಡ್ ತಿದ್ದಲು ಕೂರುತ್ತಾರೆ. ಒಂದು ಸಾಲು ಬದಲಿಸಿ ರಿಫ್ರೆಶ್, ಇನ್ನೊಂದು ಸಾಲು ಬದಲಿಸಿ ರಿಫ್ರೆಶ್. ಸ್ವಲ್ಪ ತಡೆಯಿರಿ. ವೆಬ್ ನಕ್ಷೆಯಲ್ಲಿ ಮೂರು ಪದರ ಇರುತ್ತವೆ. ಪುಟದಲ್ಲಿ ನಕ್ಷೆಗೆ ಅಂತ ಬಿಟ್ಟ ಡಿವ್ ಅನ್ನುವ ಜಾಗ, ಅದರೊಳಗೆ ಬಂದು ಕೂರುವ ಟೈಲ್ ಚಿತ್ರಗಳು (ನಕ್ಷೆಯ ಚೌಕ ತುಂಡುಗಳು), ಅದರ ಮೇಲೆ ನೀವು ಹಾಕುವ ಡೇಟಾ. ಯಾವ ಪದರ ಕೆಟ್ಟಿದೆ ಅಂತ ತಿಳಿಯದೆ ಕೈ ಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ.

ಬೇರ್ಪಡಿಸುವುದು ಸುಲಭ. ಡೇಟಾ ಸೇರಿಸುವ ಸಾಲುಗಳನ್ನೆಲ್ಲ ಕಾಮೆಂಟ್ ಮಾಡಿ. ನಕ್ಷೆ ಎಲ್ಲಿ ತೆರೆಯಬೇಕು ಅಂತ ಹೇಳುವ ಸೆಟ್‌ವ್ಯೂಗೆ [17.33, 76.83] ಮತ್ತು ಜೂಮ್ 10 ಕೊಡಿ. ಕಲಬುರಗಿ ನಗರ ನೆಟ್ಟಗೆ ಕಂಡರೆ ಡಿವ್, ಟೈಲ್ ಎರಡೂ ಚೆನ್ನಾಗಿವೆ, ತಪ್ಪು ಡೇಟಾದಲ್ಲಿದೆ. ಕಾಣದಿದ್ದರೆ ಡೇಟಾ ಫೈಲನ್ನು ಮುಟ್ಟಲೇಬೇಡಿ.

ಏನೂ ಕಾಣದಿದ್ದರೆ

ಎಫ್12 ಒತ್ತಿ ಕನ್ಸೋಲ್ ತೆರೆಯಿರಿ. ಕೆಂಪು ಸಾಲುಗಳಿದ್ದರೆ ಮೊದಲನೆಯದನ್ನು ಓದಿ. ಉಳಿದವು ಬಹಳ ಸಲ ಅದರ ಬಾಲ ಅಷ್ಟೇ. 'ಮ್ಯಾಪ್ ಕಂಟೇನರ್ ನಾಟ್ ಫೌಂಡ್' ಅಂದರೆ ಡಿವ್ ಹುಟ್ಟುವ ಮೊದಲೇ ಸ್ಕ್ರಿಪ್ಟ್ ಓಡಿದೆ, ಇಲ್ಲವೇ ಐಡಿಯ ಸ್ಪೆಲ್ಲಿಂಗ್ ತಪ್ಪಿದೆ. 'ಆಲ್ರೆಡಿ ಇನಿಶಿಯಲೈಜ್ಡ್' ಅಂದರೆ ಒಂದೇ ಡಿವ್ ಮೇಲೆ ಎರಡು ಸಲ ನಕ್ಷೆ ಕಟ್ಟುತ್ತಿದ್ದೀರಿ. ರಿಯಾಕ್ಟ್ ಬಳಸುವವರಿಗೆ ಇದು ದಿನಾ ಸಿಗುವ ಎರರ್. ಕಾಂಪೊನೆಂಟ್ ಮುಚ್ಚುವಾಗ ನಕ್ಷೆಯ ಮೇಲೆ ರಿಮೂವ್ ಕರೆಯಬೇಕು.

ಕನ್ಸೋಲ್‌ನಲ್ಲಿ ಏನೂ ಇಲ್ಲ, ಪುಟ ಮಾತ್ರ ಖಾಲಿ ಅಂದರೆ ಡಿವ್‌ಗೆ ಎತ್ತರ ಕೊಟ್ಟಿಲ್ಲ. ಸಿಎಸ್‌ಎಸ್‌ನಲ್ಲಿ ಹೈಟ್ 500 ಪಿಕ್ಸೆಲ್ ಅಂತ ಹಾಕಿ ನೋಡಿ. ಹೈಟ್ 100 ಪರ್ಸೆಂಟ್ ಅಂತ ಕೊಟ್ಟು, ಅದನ್ನು ಸುತ್ತುವರಿದ ಡಿವ್‌ಗೆ ಎತ್ತರವೇ ಇಲ್ಲದಿದ್ದರೆ ಸೊನ್ನೆಯ ನೂರು ಪರ್ಸೆಂಟ್ ಸೊನ್ನೆಯೇ ಅಲ್ವಾ? ಟೈಲ್‌ಗಳು ಬಂದರೂ ಪುಟದ ತುಂಬ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಲೀಫ್‌ಲೆಟ್‌ನ ಸಿಎಸ್‌ಎಸ್ ಫೈಲ್ ಲೋಡ್ ಆಗಿಲ್ಲ. ಟ್ಯಾಬ್ ಅಥವಾ ಪಾಪಪ್ ಒಳಗಿಟ್ಟ ನಕ್ಷೆಯಲ್ಲಿ ಒಂದು ಮೂಲೆ ಮಾತ್ರ ತುಂಬಿ ಉಳಿದದ್ದು ಬೂದು ಬಣ್ಣದಲ್ಲಿದ್ದರೆ, ಡಿವ್ ಅಡಗಿದ್ದಾಗ ನಕ್ಷೆ ತನ್ನ ಅಳತೆ ತೆಗೆದುಕೊಂಡಿದೆ. ಟ್ಯಾಬ್ ತೆರೆದ ಮೇಲೆ ಇನ್‌ವ್ಯಾಲಿಡೇಟ್‌ಸೈಜ್ ಕರೆದರೆ ಸಾಕು.

ಟೈಲ್ ಬರದಿದ್ದರೆ

ಇಲ್ಲಿ ಕನ್ಸೋಲ್‌ಗಿಂತ ನೆಟ್‌ವರ್ಕ್ ಟ್ಯಾಬ್ ಮಾತಾಡುತ್ತದೆ. ಚಿತ್ರಗಳನ್ನಷ್ಟೇ ಫಿಲ್ಟರ್ ಮಾಡಿ, ಸ್ಟೇಟಸ್ ಕಾಲಂ ನೋಡಿ. 404 ಅಂದರೆ ಆ ವಿಳಾಸದಲ್ಲಿ ಚಿತ್ರವೇ ಇಲ್ಲ. 403 ಅಂದರೆ ಸರ್ವರ್ ಕೊಡುವುದಿಲ್ಲ ಅನ್ನುತ್ತಿದೆ. 429 ಅಂದರೆ ನೀವು ಕೇಳುತ್ತಿರುವುದು ಜಾಸ್ತಿ ಆಯ್ತು.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಟೈಲ್ ಸರ್ವರ್‌ನಿಂದ 403 ಬಂದರೆ ರೆಫರರ್ ನೋಡಿ. ಯಾವ ಪುಟದಿಂದ ಕೋರಿಕೆ ಬಂತು ಅಂತ ತಿಳಿಸುವ ಆ ಹೆಡರ್ ಇರಲೇಬೇಕು ಅನ್ನುವುದು ಅವರ ನಿಯಮ. ಭದ್ರತೆಗೆ ಅಂತ ಪುಟಕ್ಕೆ 'ನೋ-ರೆಫರರ್' ಪಾಲಿಸಿ ಹಾಕಿದ್ದರೆ ಅದೇ ಇಲ್ಲಿ ಅಡ್ಡ ಬರುತ್ತದೆ. ಆ ಸರ್ವರ್ ನಡೆಯುವುದು ದೇಣಿಗೆಯ ಮೇಲೆ. ಇಡೀ ಜಿಲ್ಲೆಯ ಟೈಲ್‌ಗಳನ್ನು ಸ್ಕ್ರಿಪ್ಟ್ ಬರೆದು ಒಟ್ಟಿಗೆ ಇಳಿಸಿಕೊಳ್ಳುವುದಕ್ಕೆ ಅಲ್ಲಿ ಅನುಮತಿ ಇಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ನಕ್ಷೆ ಕಪ್ಪಾಗಿ ಮೇಲೆ 'ಫಾರ್ ಡೆವಲಪ್‌ಮೆಂಟ್ ಪರ್ಪಸಸ್ ಓನ್ಲಿ' ಅಂತ ಮೂಡಿದರೆ ಕೋಡ್ ಬಿಡಿ, ಕೀ ಮತ್ತು ಬಿಲ್ಲಿಂಗ್ ನೋಡಿ.

ಟೈಲ್‌ಗಳ ನಂಬರು ಹೇಗೆ ಹುಟ್ಟುತ್ತದೆ ಅಂತ ಒಂದು ಸಲ ತಿಳಿದುಕೊಂಡರೆ ಮುಂದೆ ಬಹಳ ಉಪಯೋಗ. ಜೂಮ್ 0ಯಲ್ಲಿ ಇಡೀ ಪ್ರಪಂಚ ಒಂದೇ ಟೈಲ್, 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಪ್ರತಿ ಜೂಮ್‌ಗೂ ಒಂದೊಂದು ಟೈಲ್ ನಾಲ್ಕಾಗಿ ಒಡೆಯುತ್ತದೆ. ಜೂಮ್ 10ಕ್ಕೆ ಬಂದಾಗ ಅಡ್ಡ 1024, ಉದ್ದ 1024. ಅದರಲ್ಲಿ ಕಲಬುರಗಿ ನಗರ ಕೂತಿರುವುದು ಅಡ್ಡ 730, ಉದ್ದ 461ನೇ ಟೈಲ್‌ನಲ್ಲಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ 10/730/461 ಕಂಡರೆ ನಿಮ್ಮ ನಕ್ಷೆ ಸರಿಯಾದ ಊರನ್ನೇ ಕೇಳುತ್ತಿದೆ.

10/730/562 ಕಂಡರೆ? ಉದ್ದದ ಎಣಿಕೆ ತಿರುವುಮುರುವಾಗಿದೆ. ಮೇಲಿನಿಂದ ಎಣಿಸುವುದು ಒಂದು ಪದ್ಧತಿ, ಕೆಳಗಿನಿಂದ ಎಣಿಸುವ ಟಿಎಂಎಸ್ ಇನ್ನೊಂದು. 1023ರಲ್ಲಿ 461 ಕಳೆದರೆ 562. ಮೇಲಿನಿಂದ ಎಣಿಸುವ ಸರ್ವರ್‌ಗೆ ಹೋಗಿ 562 ಕೇಳಿದರೆ ಅದು ಭೂಮಧ್ಯರೇಖೆಯ ಆಚೆ, ದಕ್ಷಿಣಕ್ಕೆ ಅಷ್ಟೇ ದೂರದ ಜಾಗ ಕೊಡುತ್ತದೆ. ನಮ್ಮ ರೇಖಾಂಶದಲ್ಲಿ ಅಲ್ಲಿರುವುದು ಬರೀ ಹಿಂದೂ ಮಹಾಸಾಗರ. ಹಾಗಾಗಿ ಎರರ್ ಒಂದೂ ಇಲ್ಲದೆ ನಕ್ಷೆ ಪೂರ್ತಿ ನೀಲಿ ಕಂಡರೆ, ಕೋಡಿನಲ್ಲಿ ಟಿಎಂಎಸ್ ಟ್ರೂ ಅಂತ ಎಲ್ಲಿಂದಲೋ ಕಾಪಿ ಆಗಿ ಬಂದಿದೆಯಾ ನೋಡಿ. ಇದರ ಉಲ್ಟಾ ಕೂಡ ಆಗುತ್ತದೆ. ಬೀದರ್ ಕೋಟೆಯ ಹಳೇ ನಕ್ಷೆ ಸ್ಕ್ಯಾನ್ ಮಾಡಿ ಜಿಡಾಲ್‌ನಿಂದ ಟೈಲ್ ಕತ್ತರಿಸಿಕೊಂಡರೆ, ಆ ಟೂಲ್ ತಾನಾಗಿ ಕೊಡುವುದು ಕೆಳಗಿನಿಂದ ಎಣಿಸಿದ ನಂಬರು. ಆಗ ಟಿಎಂಎಸ್ ಟ್ರೂ ಬೇಕೇ ಬೇಕು. ಇಲ್ಲದಿದ್ದರೆ ಸಾಲು ಸಾಲು 404.

ಪಿನ್ ಬೇರೆಲ್ಲೋ ಬಿದ್ದರೆ

ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ತಲೆನೋವು ಇರುವುದು ಇಲ್ಲೇ. ಎರರ್ ಬರುವುದಿಲ್ಲ, ಕೋಡ್ ಸರಿಯಾಗಿ ಓಡುತ್ತದೆ, ಪಿನ್ ಮಾತ್ರ ಇರಬೇಕಾದಲ್ಲಿ ಇಲ್ಲ. ಆಗ ಕೋಡ್ ಬಿಟ್ಟು ನಕ್ಷೆಯನ್ನು ಪೂರ್ತಿ ಜೂಮ್ ಔಟ್ ಮಾಡಿ, ಪಿನ್ ಎಲ್ಲಿಗೆ ಹೋಯ್ತು ಅಂತ ಹುಡುಕಿ. ಬಿದ್ದ ಜಾಗವೇ ರೋಗದ ಹೆಸರು ಹೇಳುತ್ತದೆ.

ಪಿನ್‌ಗಳು ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣ ಭಾಗದಲ್ಲಿ ಗುಂಪಾಗಿ ಕಂಡರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಕಲಬುರಗಿ 17.33 ಉತ್ತರ, 76.83 ಪೂರ್ವ. ತಿರುಗಿಸಿದರೆ 76.83 ಉತ್ತರ, 17.33 ಪೂರ್ವ. ಅದು ಹಿಮಕರಡಿಗಳ ನಾಡು. ಬೀದರ್, ಯಾದಗಿರಿಯೂ ಅಲ್ಲೇ ಅಕ್ಕಪಕ್ಕ ಬೀಳುತ್ತವೆ. ಕಾರಣ ಸರಳ. ಲೀಫ್‌ಲೆಟ್ ಅಕ್ಷಾಂಶವನ್ನು ಮೊದಲು ಕೇಳುತ್ತದೆ. ಜಾಗ, ಗಡಿಗಳ ಡೇಟಾ ಇಡುವ ಜಿಯೋಜೇಸನ್ ಫೈಲ್ ರೇಖಾಂಶವನ್ನು ಮೊದಲು ಬರೆಯುತ್ತದೆ. 2016ರಲ್ಲಿ ಬಂದ ಅದರ ಮಾನದಂಡದಲ್ಲೇ ಹಾಗಿದೆ. ಎಲ್ ಡಾಟ್ ಜಿಯೋಜೇಸನ್‌ಗೆ ಫೈಲನ್ನು ಹಾಗೇ ಕೊಟ್ಟರೆ ಅದೇ ತಿರುಗಿಸಿಕೊಳ್ಳುತ್ತದೆ. ಕೋಆರ್ಡಿನೇಟ್ಸ್ ಅನ್ನು ನೀವೇ ಹೊರತೆಗೆದು ಎಲ್ ಡಾಟ್ ಮಾರ್ಕರ್‌ಗೆ ಕೊಟ್ಟಾಗ ತಿರುಗಿಸುವ ಕೆಲಸವೂ ನಿಮ್ಮದೇ. ಓಪನ್‌ಲೇಯರ್ಸ್, ಮ್ಯಾಪ್‌ಲಿಬ್ರೆ ರೇಖಾಂಶವನ್ನೇ ಮೊದಲು ಕೇಳುತ್ತವೆ. ಅಲ್ಲಿಂದ ಕೋಡ್ ತಂದು ಲೀಫ್‌ಲೆಟ್‌ಗೆ ಅಂಟಿಸಿದರೂ ಇದೇ ಕಥೆ.

ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನೀರಿನಲ್ಲಿ ಪಿನ್ ಬಿದ್ದಿದ್ದರೆ ಅದು 0, 0. ಲೀಫ್‌ಲೆಟ್‌ನಲ್ಲಿ ಹೀಗಾದರೆ ಖಾಲಿ ಸೆಲ್ ಇದೆ. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್‌ಗೆ ಖಾಲಿ ಪಠ್ಯ ಕೊಟ್ಟರೆ ಸೊನ್ನೆ ಹಿಂದಿರುಗುತ್ತದೆ. ಪಠ್ಯದಿಂದ ಸಂಖ್ಯೆ ಓದುವ ಇನ್ನೊಂದು ಫಂಕ್ಷನ್ ಪಾರ್ಸ್‌ಫ್ಲೋಟ್‌ಗೆ ಅದನ್ನೇ ಕೊಟ್ಟರೆ ನ್ಯಾನ್, ಅಂದರೆ 'ಇದು ಸಂಖ್ಯೆ ಅಲ್ಲ' ಅಂತ ಬರುತ್ತದೆ. ಓಪನ್‌ಲೇಯರ್ಸ್‌ನಲ್ಲಾದರೆ ಕಾರಣ ಬೇರೆ. ಅದರ ಸಾಮಾನ್ಯ ನಕ್ಷೆ ಲೆಕ್ಕ ಹಾಕುವುದು ಮೀಟರ್‌ಗಳಲ್ಲಿ. ಫ್ರಮ್‌ಲಾನ್‌ಲ್ಯಾಟ್ ಹಾಕದೆ [76.83, 17.33] ಕೊಟ್ಟರೆ, ಸೊನ್ನೆಯಿಂದ ಪೂರ್ವಕ್ಕೆ ಎಪ್ಪತ್ತೇಳು ಮೀಟರ್, ಉತ್ತರಕ್ಕೆ ಹದಿನೇಳು ಮೀಟರ್ ಅಂತ ತಿಳಿದುಕೊಳ್ಳುತ್ತದೆ. ಮೂರೂ ಜಿಲ್ಲೆ ಒಂದು ಅಂಗಳದಷ್ಟು ಜಾಗದಲ್ಲಿ ಮುದುಡಿ ಕೂರುತ್ತವೆ.

ಈಗ ನನಗೆ ಬಹಳ ಇಷ್ಟವಾದ ದೋಷ. ಕಲಬುರಗಿ ಜಿಲ್ಲೆಯ ಬಹುಪಾಲು ಊರುಗಳ ಪಿನ್ ವಿಜಯಪುರ ಜಿಲ್ಲೆಯಲ್ಲಿ, ಇಂಡಿ ಮತ್ತು ಸಿಂದಗಿ ನಡುವೆ, ಒಂದರ ಮೇಲೊಂದು ಪೇರಿಸಿದಂತೆ ಬಿದ್ದಿವೆ. ಬೀದರ್ ನಗರದ ಪಿನ್‌ಗಳು ವಾಡಿ ಆಸುಪಾಸಿನಲ್ಲಿ ಇನ್ನೊಂದು ಗುಡ್ಡೆ. ಫೈಲ್ ತೆರೆದು ನೋಡಿದರೆ 17°20′, 76°50′ ಅಂತ ಡಿಗ್ರಿ, ಮಿನಿಟ್ ಬರೆದಿರುತ್ತಾರೆ. ಪಾರ್ಸ್‌ಫ್ಲೋಟ್ ಅಂಕಿ ಓದುತ್ತಾ ಹೋಗಿ ಡಿಗ್ರಿ ಚಿಹ್ನೆ ಕಂಡಲ್ಲಿ ನಿಲ್ಲುತ್ತದೆ. ಎರರ್ ಕೊಡುವುದಿಲ್ಲ. 17, 76 ಅಷ್ಟೇ ಉಳಿಯುತ್ತದೆ. ಬೀದರ್ ನಗರದ್ದು 17, 77 ಆಗುತ್ತದೆ. ಗುಡ್ಡೆಗಳು ನೆಟ್ಟಗೆ ಪೂರ್ಣಾಂಕದ ಮೇಲೆ ಕೂತಿವೆ ಅಂದರೆ ಬೇರೆ ಸಾಕ್ಷಿ ಬೇಡ.

ಇದರ ಕಳ್ಳ ತಮ್ಮ ಒಬ್ಬನಿದ್ದಾನೆ. ಯಾರೋ ಡಿಗ್ರಿ ಚಿಹ್ನೆ ತೆಗೆದು ಚುಕ್ಕಿ ಇಟ್ಟಿರುತ್ತಾರೆ. 17°20′ ಹೋಗಿ 17.20 ಆಗುತ್ತದೆ, 76°50′ ಹೋಗಿ 76.50 ಆಗುತ್ತದೆ. ನಿಜವಾದ ಬೆಲೆ 17.33 ಮತ್ತು 76.83, ಯಾಕಂದ್ರೆ ಮಿನಿಟನ್ನು 60ರಿಂದ ಭಾಗಿಸಬೇಕು. ಈ ತಪ್ಪಿನಿಂದ ಕಲಬುರಗಿ ದಕ್ಷಿಣಕ್ಕೆ 15 ಕಿಲೋಮೀಟರ್, ಪಶ್ಚಿಮಕ್ಕೆ 35 ಕಿಲೋಮೀಟರ್ ಜರುಗಿ ಗಾಣಗಾಪುರದ ಹತ್ತಿರ ಹೊಲದಲ್ಲಿ ಬೀಳುತ್ತದೆ. ಜಿಲ್ಲೆಯ ಒಳಗೇ ಇದೆ, ಆದ್ದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಪತ್ತೆ ಹಚ್ಚುವ ದಾರಿ ಒಂದಿದೆ. ಕಾಲಂನಲ್ಲಿ ಚುಕ್ಕಿಯ ನಂತರದ ಮೊದಲ ಎರಡು ಅಂಕಿ ನೋಡುತ್ತಾ ಹೋಗಿ. ನೂರಾರು ಊರುಗಳಿದ್ದೂ ಎಲ್ಲೂ 60, 75, 92 ಅಂತ ಬರದೆ ಎಲ್ಲ 59ರ ಒಳಗೇ ಇದ್ದರೆ ಅದು ಮಿನಿಟ್, ದಶಮಾಂಶ ಅಲ್ಲ. ಎಕ್ಸೆಲ್‌ನಲ್ಲಿ ಒಂದು ಫಾರ್ಮುಲಾ ಹಾಕಿದರೆ ಕೆಲಸ ಮುಗಿಯಿತು.

ಪಿನ್‌ಗಳು ಆಂಧ್ರದ ಕರಾವಳಿಗೆ, ವಿಶಾಖಪಟ್ಟಣದ ನೈಋತ್ಯಕ್ಕೆ ಹೋಗಿ ಕೂತಿದ್ದರೆ ಯುಟಿಎಂ ವಲಯ ತಪ್ಪಿದೆ. ಯುಟಿಎಂ ಅಂದರೆ ಭೂಮಿಯನ್ನು ಆರಾರು ಡಿಗ್ರಿಯ ವಲಯಗಳಾಗಿ ಒಡೆದು ಜಾಗವನ್ನು ಮೀಟರ್‌ಗಳಲ್ಲಿ ಹೇಳುವ ಪದ್ಧತಿ. 72ರಿಂದ 78 ಡಿಗ್ರಿ ಪೂರ್ವದವರೆಗೆ ವಲಯ 43. ನಮ್ಮ ಮೂರೂ ಜಿಲ್ಲೆ ಇದರಲ್ಲಿವೆ. 78 ದಾಟಿದರೆ 44. ಹೈದರಾಬಾದ್ 44ರಲ್ಲಿದೆ. ಅಲ್ಲಿ ಕೆಲಸ ಮಾಡಿ ರೂಢಿಯಾದವರು ನಮ್ಮ ಡೇಟಾಕ್ಕೂ 44 ಅಂತ ಹಾಕಿಬಿಟ್ಟರೆ ಇಡೀ ಜಿಲ್ಲೆ ಆರು ಡಿಗ್ರಿ, ಅಂದರೆ 600 ಕಿಲೋಮೀಟರ್‌ಗೂ ಜಾಸ್ತಿ, ಪೂರ್ವಕ್ಕೆ ಜರುಗುತ್ತದೆ. ನಮಗೆ ಬೇಕಾದದ್ದು ವಲಯ 43ರ ಕೋಡ್, ಇಪಿಎಸ್‌ಜಿ 32643. ಯುಟಿಎಂ ಅಂಕಿಗಳನ್ನು ಪರಿವರ್ತಿಸದೆ ನೇರ ಲೀಫ್‌ಲೆಟ್‌ಗೆ ಕೊಟ್ಟರೆ ಪಿನ್ ಎಲ್ಲೂ ಕಾಣುವುದಿಲ್ಲ. ಫೈಲಿನಲ್ಲಿ ಒಂದು ಕಡೆ ಆರಂಕಿ, ಇನ್ನೊಂದು ಕಡೆ ಏಳಂಕಿ ಸಂಖ್ಯೆ ಇದ್ದರೆ ಅದು ಯುಟಿಎಂ ಅಂತ ಅನುಮಾನ ಪಡಿ. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ತೆರೆದು, ಎಕ್ಸ್‌ಪೋರ್ಟ್ ಮಾಡುವಾಗ ಇಪಿಎಸ್‌ಜಿ 4326, ಅಂದರೆ ಮಾಮೂಲಿ ಅಕ್ಷಾಂಶ-ರೇಖಾಂಶ, ಆರಿಸಿ. ಲೇಯರ್‌ನ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಬದಲಿಸುವ ಮೆನು ಬೇರೆ, ಅದನ್ನು ಒತ್ತಬೇಡಿ. ಅದು ಬರೀ ಚೀಟಿ ಬದಲಿಸುತ್ತದೆ, ಅಂಕಿ ಹಾಗೇ ಇರುತ್ತವೆ.

ಎಲ್ಲವೂ ಒಂದೇ ದಿಕ್ಕಿಗೆ ನೂರು ಮೀಟರ್‌ಗೆ ಮೇಲೆ ಸರಿದಿದ್ದರೆ ಹಳೇ ಟೋಪೋಶೀಟ್‌ನಿಂದ ತೆಗೆದ ಡೇಟಾ ಇರಬಹುದು. ಅವು ಎವರೆಸ್ಟ್ ಡೇಟಮ್ (ಭೂಮಿಯ ಆಕಾರಕ್ಕೆ ಹಿಡಿದ ಹಳೇ ಲೆಕ್ಕ) ಮೇಲೆ ಬರೆದವು, ವೆಬ್ ನಕ್ಷೆ ಡಬ್ಲ್ಯುಜಿಎಸ್ 84 ಮೇಲೆ ಇದೆ.

ಪಟ್ಟಿಯ ಅರ್ಧದವರೆಗೆ ಪಿನ್ ಬಂದು ಆಮೇಲೆ ಒಂದೂ ಇಲ್ಲ ಅಂದರೆ ಕನ್ಸೋಲ್‌ನಲ್ಲಿ 'ಇನ್‌ವ್ಯಾಲಿಡ್ ಲ್ಯಾಟ್‌ಲಂಗ್ ಆಬ್ಜೆಕ್ಟ್' ಇದ್ದೇ ಇರುತ್ತದೆ. ಕೊನೆಗೆ ಕಂಡ ಪಿನ್‌ನ ಮುಂದಿನ ಸಾಲೇ ಅಪರಾಧಿ. ನಮ್ಮ ಕಡೆ ಅಲ್ಲಿ ಆಗಾಗ ಸಿಗುವುದು ಕನ್ನಡ ಅಂಕಿ. ೧೭.೩೩ ಅಂತ ಯಾರೋ ಪ್ರೀತಿಯಿಂದ ಬರೆದಿರುತ್ತಾರೆ. ಜಾವಾಸ್ಕ್ರಿಪ್ಟ್‌ಗೆ ಅದು ಅಂಕಿಯೇ ಅಲ್ಲ, ನ್ಯಾನ್.

ಇಷ್ಟೆಲ್ಲ ಆದ ಮೇಲೆ ಕೋಡಿನಲ್ಲಿ ಒಂದು ಕಾವಲು ಇಡಿ. ಪಿನ್ ಹಾಕುವ ಮೊದಲು ಅಕ್ಷಾಂಶ 16ರಿಂದ 18.6ರ ಒಳಗೆ, ರೇಖಾಂಶ 76ರಿಂದ 78ರ ಒಳಗೆ ಇದೆಯಾ ನೋಡಿ, ಇಲ್ಲದಿದ್ದರೆ ಆ ಸಾಲನ್ನು ಬಿಟ್ಟು ಕನ್ಸೋಲ್‌ಗೆ ಬರೆಯಲಿ. ಅದಲುಬದಲು, ಸೊನ್ನೆ, ವಲಯದ ತಪ್ಪು, ನ್ಯಾನ್ ಎಲ್ಲವೂ ಇಲ್ಲೇ ಸಿಕ್ಕಿಬೀಳುತ್ತವೆ. ಗಾಣಗಾಪುರದ ಕಳ್ಳ ನುಸುಳುತ್ತಾನೆ, ಅವನಿಗೆ 59ರ ಪರೀಕ್ಷೆ. 17, 77ರಂಥ ಪೂರ್ಣಾಂಕದ ಗುಡ್ಡೆಯೂ ನುಸುಳುತ್ತದೆ, ಅದನ್ನು ಕಣ್ಣಿನಿಂದಲೇ ಹಿಡಿಯಬೇಕು.

ತಾಲೂಕಿಗೆ ಬಣ್ಣ ತುಂಬದಿದ್ದರೆ

ಗಡಿಗಳು ಸರಿ ಇವೆ, ಕೆಲವು ತಾಲೂಕು ಮಾತ್ರ ಬೂದು. ಗಡಿ ಫೈಲಿನ ಹೆಸರು ಮತ್ತು ಅಂಕಿಅಂಶದ ಫೈಲಿನ ಹೆಸರು ಹೊಂದಿಲ್ಲ ಅಂತ ಅರ್ಥ. ನಮ್ಮ ಭಾಗದಲ್ಲಿ ಇದಕ್ಕೆ ಕಾರಣಗಳು ಬೇಕಾದಷ್ಟು. ಯಾದಗಿರಿ ಬೇರೆ ಜಿಲ್ಲೆ ಆದದ್ದು 2010ರಲ್ಲಿ, ಅದಕ್ಕೂ ಹಿಂದಿನ ಗಡಿ ಫೈಲಿನಲ್ಲಿ ಅದು ಇರುವುದೇ ಇಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಹೆಸರು ಗುಲ್ಬರ್ಗಾ, 2014ರ ನವೆಂಬರ್ 1ರಿಂದ ಕಲಬುರಗಿ. ಆಮೇಲೆ ಹೊಸ ತಾಲೂಕುಗಳು ಬಂದವು. ಕಲಬುರಗಿಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ. ಯಾದಗಿರಿಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್. ಬೀದರಿನಲ್ಲಿ ಚಿಟಗುಪ್ಪ, ಹುಲಸೂರು, ಕಮಲನಗರ. ಹಳೇ ಗಡಿಯ ಮೇಲೆ ಹೊಸ ಅಂಕಿ ಹಾಕಿದರೆ ಯಡ್ರಾಮಿಯ ಅಂಕಿಗೆ ಕೂರಲು ಜಾಗವೇ ಇರುವುದಿಲ್ಲ. ಜೇವರ್ಗಿ ಅಂಕಿ ಸುಮ್ನೆ ಕಮ್ಮಿ ಕಾಣುತ್ತದೆ. ಬಣ್ಣ ತುಂಬಿದೆ, ಆದರೆ ಸುಳ್ಳು ಬಣ್ಣ. ಬೂದು ಬಣ್ಣಕ್ಕಿಂತ ಇದು ಅಪಾಯ.

ಹೆಸರಿನ ಮೇಲೆ ಜೋಡಿಸುವುದನ್ನೇ ಬಿಡಿ, ಕೋಡ್ ನಂಬರಿನ ಮೇಲೆ ಜೋಡಿಸಿ. ಅಲ್ಲೂ ಎರಡು ಹಳ್ಳಗಳಿವೆ. ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ಒಂದು ಫೈಲಿನಲ್ಲಿ ಕೋಡ್ ಸಂಖ್ಯೆಯಾಗಿ, ಇನ್ನೊಂದರಲ್ಲಿ ಪಠ್ಯವಾಗಿ ಇದ್ದರೆ ಮೂರು ಈಕ್ವಲ್ ಚಿಹ್ನೆಯ ಹೋಲಿಕೆ ಫಾಲ್ಸ್ ಅನ್ನುತ್ತದೆ. ಎರಡನ್ನೂ ಸ್ಟ್ರಿಂಗ್ ಮಾಡಿ, ಟ್ರಿಮ್ ಮಾಡಿ, ಸೊನ್ನೆ ತುಂಬಿ. ಹೊಂದದ ಹೆಸರುಗಳನ್ನು ಕನ್ಸೋಲ್‌ನಲ್ಲಿ ಪಟ್ಟಿ ಮಾಡಿಸಿದರೆ ಉಳಿದದ್ದು ಐದು ನಿಮಿಷದ ಕೆಲಸ.

ಪಾಪಪ್‌ನಲ್ಲಿ ಅಕ್ಷರ ಕೆಟ್ಟರೆ

ಮೂರು ಬಗೆ ಇವೆ, ನೋಡಿದರೆ ಗೊತ್ತಾಗುತ್ತದೆ. ಕನ್ನಡದ ಬದಲು ಮೇಲೆ ಗೆರೆ ಎಳೆದ ರೋಮನ್ 'ಎ' ಪ್ರತಿ ಮೂರು ಅಕ್ಷರಕ್ಕೊಮ್ಮೆ ಬರುತ್ತಿದ್ದರೆ ಫೈಲ್ ಸರಿ ಇದೆ, ಓದುವುದು ತಪ್ಪಾಗಿದೆ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್. ಪುಟದ ತಲೆಯಲ್ಲಿ ಚಾರ್‌ಸೆಟ್ ಯುಟಿಎಫ್-8 ಹಾಕಿ. ರೋಮನ್ ಅಕ್ಷರ, ಚಿಹ್ನೆಗಳ ಗೊಂದಲವಿದ್ದು ಆ ಲಯ ಇಲ್ಲದಿದ್ದರೆ ಅದು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪಾದದ್ದು. ಕಚೇರಿಗಳಿಂದ ಬರುವ ಹಳೇ ಪಟ್ಟಿಗಳಲ್ಲಿ ಇದು ಸಾಮಾನ್ಯ. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬೇಕು, ಆಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿ ಆಗಿ ಉಳಿಸಿದ್ದಾರೆ. ಅಕ್ಷರ ಹೋಗಿಬಿಟ್ಟಿದೆ, ಯಾವ ಕನ್ವರ್ಟರೂ ತರಲಾರದು. ಮೂಲ ಫೈಲಿಗೆ ಹೋಗಿ 'ಸಿಎಸ್‌ವಿ ಯುಟಿಎಫ್-8' ಅಂತ ಉಳಿಸಿ.

ಲ್ಯಾಪ್‌ಟಾಪಿನಲ್ಲಿ ಸರಿ, ಬೇರೆಡೆ ಇಲ್ಲ

ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಡೇಟಾ ಫೈಲ್ ತರುವ ಫೆಚ್ ಓಡುವುದಿಲ್ಲ, ಬ್ರೌಸರ್ ತಡೆಯುತ್ತದೆ. ಆ ಫೋಲ್ಡರಿನಲ್ಲಿ ಪೈಥಾನ್‌ನ ಸಣ್ಣ ಸರ್ವರ್ ಓಡಿಸಿ, ಲೋಕಲ್‌ಹೋಸ್ಟ್ ಮೂಲಕ ತೆರೆಯಿರಿ. ಆನ್‌ಲೈನ್‌ಗೆ ಹಾಕಿದ ಮೇಲೆ ಡೇಟಾ ಫೈಲಿಗೆ 404 ಬಂದರೆ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್ ಎರಡನ್ನೂ ಒಂದೇ ಅನ್ನುತ್ತದೆ, ಲಿನಕ್ಸ್ ಸರ್ವರ್ ಹಾಗಲ್ಲ. ಮಾರ್ಕರ್ ಜಾಗದಲ್ಲಿ ಮುರಿದ ಚಿತ್ರ ಕಂಡರೆ ಕೋಡನ್ನು ಒಟ್ಟು ಕಟ್ಟುವ ವೀಟ್ ಅಥವಾ ವೆಬ್‌ಪ್ಯಾಕ್ ಟೂಲ್ ಐಕಾನ್ ಫೈಲುಗಳ ದಾರಿ ಬದಲಿಸಿದೆ. ಐಕಾನ್ ಚಿತ್ರಗಳನ್ನು ಇಂಪೋರ್ಟ್ ಮಾಡಿ, ಮರ್ಜ್‌ಆಪ್ಷನ್ಸ್ ಮೂಲಕ ಕೊಡಿ.

ಫೋನಿನಲ್ಲಿ 'ನಾನು ಎಲ್ಲಿದ್ದೇನೆ' ಬಟನ್ ಸತ್ತಿದ್ದರೆ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದೆಯಾ ನೋಡಿ. ಕ್ರೋಮ್ 2016ರಿಂದಲೇ ಅದಿಲ್ಲದೆ ಜಾಗ ಹೇಳುವುದಿಲ್ಲ. ಲೋಕಲ್‌ಹೋಸ್ಟ್‌ಗೆ ರಿಯಾಯಿತಿ ಇದೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಈ ದೋಷ ಎಂದೂ ಕಾಣುವುದಿಲ್ಲ.

ಉಳಿದದ್ದು ತೂಕ. ಊರುಗಳ ಗಡಿ ಇರುವ ಜಿಯೋಜೇಸನ್ ಹತ್ತಾರು ಎಂಬಿ ಆಗುವುದು ಸುಲಭ. ಚಿಂಚೋಳಿ ಕಾಡಿನಂಚಿನಲ್ಲಿ ಸಿಗ್ನಲ್ ಹುಡುಕುತ್ತಾ ತೆರೆದವರಿಗೆ ಅದು ಬರುವುದೇ ಇಲ್ಲ. ಫೈಲ್ ತೆರೆದು ಒಂದು ಅಂಕಿ ನೋಡಿ: ಚುಕ್ಕಿಯ ನಂತರ ಹದಿನೈದು ಅಂಕಿ ಇರುತ್ತವೆ. ಆರು ಅಂಕಿ ಇಟ್ಟರೇ ಹನ್ನೊಂದು ಸೆಂಟಿಮೀಟರ್‌ವರೆಗೆ ನಿಖರ. ಹೊಲದ ಬದುವಿಗೂ ಅಷ್ಟು ಬೇಡ, ತಾಲೂಕು ಗಡಿಗೆ ನಾಲ್ಕು ಸಾಕು. ಮ್ಯಾಪ್‌ಶೇಪರ್ ಅನ್ನುವ ಟೂಲಿನಲ್ಲಿ ಹಾಕಿ ಗಡಿಯನ್ನು ಸರಳ ಮಾಡಿ. ಅಕ್ಕಪಕ್ಕದ ಊರುಗಳ ನಡುವೆ ಸೀಳು ಬೀಳದಂತೆ ಅದು ನೋಡಿಕೊಳ್ಳುತ್ತದೆ. ಆಮೇಲೂ ನಕ್ಷೆ ತಡವರಿಸಿದರೆ ಪ್ರಿಫರ್‌ಕ್ಯಾನ್ವಾಸ್ ಟ್ರೂ ಮಾಡಿ, ಸರ್ವರ್‌ನಲ್ಲಿ ಫೈಲನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಆನ್ ಇದೆಯಾ ಅಂತ ನೆಟ್‌ವರ್ಕ್ ಟ್ಯಾಬ್‌ನ ಸೈಜ್ ಕಾಲಂನಲ್ಲಿ ನೋಡಿಕೊಳ್ಳಿ.